ಕಾದಂಬರಿ ಆಮ್ಯಾಲ, ಮೊದಲ ಕಾಂಪೌಂಡ್ ಎಷ್ಟ್ ಫೂಟು ಹೇಳ್ರಿ

ಲೇಔಟಿನ ನೆರೆಹೊರೆ, ಅವರ ಕಳ್ಳ ಆಸೆ, ಮುಚ್ಚಿಟ್ಟ ಸಂಗತಿ ಇಟ್ಟುಕೊಂಡು ವಿಡಂಬನೆಯ ಕಾದಂಬರಿ ಬರೆಯಲು ಕೂತವರು ಮೊದಲನೇ ಅಧ್ಯಾಯದಲ್ಲೇ ಬೆಡ್‌ರೂಮಿನ ಬಾಗಿಲು ತೆಗೆದುಬಿಡುತ್ತಾರೆ. ಕಾದಂಬರಿ ಕೆಡುವುದು ಅಲ್ಲೇ. ಬಾಗಿಲು ತೆಗೆದ ಮೇಲೆ ಗುಟ್ಟೇನು ಉಳೀತು? ಕತೆ ಹುಬ್ಬಳ್ಳಿ-ಧಾರವಾಡದ್ದಾದರೆ ಬಾಗಿಲ ಹೊರಗೇ ಬೇಕಾದಷ್ಟು ಸರಕಿದೆ: ಗೋಡೆಯ ಎತ್ತರ, ನೀರಿನ ಪಾಳಿ, ಟೆರೇಸಿನ ತಂತಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು.

ಹಳೆಯ ಓಣಿಯಲ್ಲಿ ಈ ಕಾದಂಬರಿ ಆಗುವುದಿಲ್ಲ. ಗೋಡೆಗೆ ಗೋಡೆ ಹತ್ತಿದ ಮನೆ, ಕಟ್ಟೆಯ ಮೇಲೆ ದಿನವಿಡೀ ಜನ. ಅಲ್ಲಿ ಮುಂಜಾನೆಯ ಗುಟ್ಟು ಸಂಜೆಗೆ ಹಳಸಿರುತ್ತದೆ. ಅಪಾರ್ಟ್‌ಮೆಂಟಿನಲ್ಲೂ ಆಗುವುದಿಲ್ಲ, ಎದುರು ಫ್ಲ್ಯಾಟಿನವರ ಹೆಸರೇ ಗೊತ್ತಿರುವುದಿಲ್ಲ. ಲೇಔಟಿನಲ್ಲಿ ಅರ್ಧ ಕಾಣುತ್ತದೆ, ಉಳಿದರ್ಧ ಊಹೆ ಮಾಡಬೇಕು. ವಿಡಂಬನೆ ಹುಟ್ಟುವುದು ಆ ಊಹೆಯಲ್ಲಿ.

ಹಾಗಾಗಿ ಪಾತ್ರಕ್ಕೆ ಹೆಸರಿಡುವ ಮೊದಲು ನಕ್ಷೆ ಬರೆಯಬೇಕು. 30×40 ಸೈಟು ಅಂದರೆ 1200 ಚದರ ಅಡಿ. ಎರಡೂ ಕಡೆಯವರು ಮೂರು ಮೂರು ಫೂಟು ಬಿಟ್ಟು ಕಟ್ಟಿದ್ದರೆ ಕಿಟಕಿಯಿಂದ ಕಿಟಕಿಗೆ ಆರೇ ಫೂಟು. (ಬಿಡದೇ ಕಟ್ಟಿದ್ದರೆ ಅದೇ ಇನ್ನೊಂದು ಗುಟ್ಟು.) ಒಳಗೆ ಟಿವಿ ಹಚ್ಚಿದ್ದರೆ ಆರು ಫೂಟಿನಾಚೆ ಮಾತು ತಿಳಿಯುವುದಿಲ್ಲ, ದನಿ ಮಾತ್ರ ತಿಳಿಯುತ್ತದೆ. ಜಗಳ ನಡೆದದ್ದು ಗೊತ್ತು, ಯಾತಕ್ಕೆ ಅಂತ ಗೊತ್ತಿಲ್ಲ. ಇನ್ನು ಕಾಂಪೌಂಡ್. ಐದು ಫೂಟು ಎರಡಿಂಚು ಎತ್ತರದ ಹೆಂಗಸಿನ ಕಣ್ಣು ನೆಲದಿಂದ ಸುಮಾರು ನಾಲ್ಕು ಫೂಟು ಹತ್ತಿಂಚಿನಲ್ಲಿ ಇರುತ್ತದೆ. ಗೋಡೆ ನಾಲ್ಕೂವರೆ ಫೂಟು ಇದ್ದರೆ ಆಕೆ ನಿಂತಲ್ಲೇ ಮಾತಾಡುತ್ತಾಳೆ. ಐದು ಫೂಟು ಇದ್ದರೆ ಇಟ್ಟಿಗೆ ಹತ್ತಬೇಕು. ಆ ಇಟ್ಟಿಗೆ ತಂದಿಟ್ಟವರು ಯಾರು, ಗೋಡೆಯ ಯಾವ ಬದಿಗೆ ಇಟ್ಟರು ಅನ್ನುವುದರ ಮೇಲೇ ಒಂದು ಅಧ್ಯಾಯ ನಡೆಯುತ್ತದೆ. ಆದರೆ ಮೂರನೇ ಅಧ್ಯಾಯದ ಐದು ಫೂಟಿನ ಗೋಡೆ ಒಂಬತ್ತನೆಯದರಲ್ಲಿ ಮೊಣಕೈ ಊರುವಷ್ಟು ಗಿಡ್ಡಾದರೆ ನಮ್ಮ ಕಡೆಯ ಓದುಗ ಪುಸ್ತಕ ಮುಚ್ಚಿಡುತ್ತಾನೆ. ಮನೆ ಕಟ್ಟಿಸಿದವರೇ ಓದುವವರು ನೋಡ್ರಿ.

ಗೋಡೆಗಿಂತ ದೊಡ್ಡದು ನೀರು. ಅವಳಿನಗರದ ಕೆಲವು ವಾರ್ಡುಗಳಿಗೆ 2008ರಿಂದಲೇ ಇಪ್ಪತ್ನಾಲ್ಕು ತಾಸಿನ ನೀರಿದೆ. ಆ ವಾರ್ಡುಗಳನ್ನು ಕಾದಂಬರಿಗೆ ಆರಿಸಬೇಡಿ. ನಳ ತಿರುವಿದಾಗ ನೀರು ಬರುವ ಮನೆಯವರು ನಸುಕಿನಲ್ಲಿ ಯಾಕೆ ಹೊರಗೆ ಬಂದಾರು? ನಿಮಗೆ ಬೇಕಾದ್ದು ವಾರಕ್ಕೊಮ್ಮೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ ಮಲಪ್ರಭೆಯ ನೀರು ಬಿಡುವ ಲೇಔಟು. ರಾತ್ರಿ ಮೂರೂವರೆಗೆ ನೈಟಿಯ ಮೇಲೆ ಟವೆಲ್ ಹೊದ್ದು, ಲುಂಗಿ ಎತ್ತಿ ಕಟ್ಟಿ ಎಲ್ಲರೂ ಒಮ್ಮೆಗೇ ರಸ್ತೆಗೆ ಇಳಿಯುವುದು ಅಂದೇ. ಯಾರ ಮನೆಯ ದೀಪ ಮೊದಲೇ ಹತ್ತಿತ್ತು, ಯಾರು ಬರಲಿಲ್ಲ, ಯಾರು ಬೇರೆ ಗೇಟಿನಿಂದ ಬಂದರು ಎಲ್ಲಾ ಲೆಕ್ಕಕ್ಕೆ ಬರುತ್ತದೆ.

ಅದಕ್ಕೂ ಕೆಳಗೆ ಇನ್ನೊಂದಿದೆ. ನಳದ ಪೈಪಿಗೇ ಅರ್ಧ ಎಚ್‌ಪಿ ಮೋಟರ್ ಹಚ್ಚುವುದು. ನಿಯಮದ ಪ್ರಕಾರ ಹಚ್ಚುವಂತಿಲ್ಲ. ಒಬ್ಬರು ಹಚ್ಚಿದರೆ ಲೈನಿನ ಒತ್ತಡ ಬೀಳುತ್ತದೆ. ಪಕ್ಕದ ಮನೆಯ ನಳ ಎರಡು ಸಲ ಕೆಮ್ಮಿ ಸುಸ್ ಅಂತ ಗಾಳಿ ಬಿಡುತ್ತದೆ. ಹಾಗಾಗಿ ಅವರೂ ಹಚ್ಚುತ್ತಾರೆ. ಸಪ್ಪಳ ಕೇಳಬಾರದೆಂದು ಮೋಟರಿನ ಕೆಳಗೆ ಹಳೆಯ ಗೋಣಿಚೀಲ ಮಡಚಿ ಹಾಕುತ್ತಾರೆ. 5×6×6 ಫೂಟಿನ ಸಂಪು ಐದು ಸಾವಿರ ಲೀಟರ್ ಚಿಲ್ಲರೆ ಹಿಡಿಯುತ್ತದೆ, ಅದು ತುಂಬುವ ತನಕ ಗೇಟಿನ ಬಳಿ ಹೀಗೆ ಮಾತು:

"ನಿಮ್ಮಲ್ಲೆ ನೀರು ಬಂದಾವೇನ್ರಿ ವೈನಿ?"
"ಎಲ್ಲಿ ಬರ್ತಾವ್ರೀ, ದಾರದಂಗ ಸಣ್ಣಗ ಬರಾಕತ್ತಾವ."

ಹಿಂದೆ ಮೋಟರ್ ಗುಂಯ್ ಅನ್ನುತ್ತಿರುತ್ತದೆ. ಇಬ್ಬರಿಗೂ ಕೇಳುತ್ತಿರುತ್ತದೆ. ಹೆಂಡತಿಯೋ ಗಂಡನೋ ಬೇರೆಯವರನ್ನು ಬಯಸಿದ್ದನ್ನು ಬರೆಯುವಾಗಲೂ ಈ ಎರಡು ಸಾಲಿನ ಧಾಟಿ ಸಿಕ್ಕರೆ ಸಾಕು, ವಿವರಣೆ ಬೇಡ.

ಎಷ್ಟು ಮನೆ ಇರಬೇಕು? ಆರು. ಆರು ಮನೆಯ ನಡುವೆ ಹದಿನೈದು ಜೋಡಿ ಸಂಬಂಧ ಆಗುತ್ತದೆ, ಹತ್ತಕ್ಕೆ ಏರಿಸಿದರೆ ನಲವತ್ತೈದು. ಹದಿನೈದನ್ನು ಇನ್ನೂರು ಪುಟದಲ್ಲಿ ಸಾಕಬಹುದು, ನಲವತ್ತೈದು ಬರೆಯುವವರ ಕೈಯಲ್ಲೇ ಕಲಸುತ್ತದೆ. ಒಂದು ಉದ್ದನೆಯ ಲೆಕ್ಕದ ವಹಿ ತೆಗೆದುಕೊಂಡು ಪ್ರತಿ ಗುಟ್ಟಿಗೂ ನಾಲ್ಕು ಕಾಲಮ್ಮು ಎಳೆಯಿರಿ: ಮುಚ್ಚಿಟ್ಟವರು, ತಿಳಿದವರು, ತಪ್ಪು ತಿಳಿದವರು, ತಿಳಿದೂ ಸುಮ್ಮನಿರುವವರು. ಮೂರನೆಯ ಕಾಲಮ್ಮು ಖಾಲಿ ಇದ್ದರೆ ಆ ಗುಟ್ಟಿನಿಂದ ನಗು ಹುಟ್ಟುವುದಿಲ್ಲ. ಓದುಗನಿಗೆ ನಿಜ ಮೊದಲು ತಿಳಿಯಬೇಕು, ಲೇಔಟಿಗೆ ಒಂದು ಅಧ್ಯಾಯ ತಡವಾಗಿ. ಇಬ್ಬರಿಗೂ ಒಟ್ಟಿಗೇ ತಿಳಿದರೆ ಅದು ಪತ್ತೇದಾರಿ ಆಗುತ್ತದೆ, ವಿಡಂಬನೆ ಆಗುವುದಿಲ್ಲ.

ಉದಾಹರಣೆಗೆ ಶುದ್ಧ ಶಾಕಾಹಾರಿ ಮನೆಯ ನಿವೃತ್ತ ಮಾಸ್ತರು. ಪ್ರತಿ ಬುಧವಾರ ಸಂಜೆ ವಾಕಿಂಗ್ ಅಂತ ಹೊರಟು ರಾತ್ರಿ ಒಂಬತ್ತೂವರೆಗೆ ಮರಳುತ್ತಾರೆ, ಬಾಯಲ್ಲಿ ಪಾನು. ಅಂಗಿ ತಾವೇ ತೊಳೆದು ಟೆರೇಸಿನ ತಂತಿಗೆ ಹಾಕುತ್ತಾರೆ. ಮೂವತ್ತು ವರ್ಷದಲ್ಲಿ ಒಂದು ಕರ್ಚೀಫು ತೊಳೆಯದವರು! ಇಡೀ ಲೇಔಟಿಗೆ ಇದರಲ್ಲಿ ಒಬ್ಬ ಹೆಂಗಸು ಕಾಣುತ್ತಾಳೆ. ಅವಳಿಗೆ ವಯಸ್ಸು, ಊರು, ಸೀರೆಯ ಬಣ್ಣವೂ ಬರುತ್ತದೆ. ಮಾಸ್ತರು ಹೋಗುವುದು ಹಳೇ ಹುಬ್ಬಳ್ಳಿಯ ಸಾವಜಿ ಖಾನಾವಳಿಗೆ, ಖಾರದ ಮಟನ್ ಊಟಕ್ಕೆ. ಆ ಮಸಾಲೆಯ ಎಣ್ಣೆ ವಾಸನೆ ಅಂಗಿಗೆ ಹತ್ತಿದರೆ ಬಿಡುವುದಿಲ್ಲ, ಅದಕ್ಕೇ ತೊಳೆಯುವುದು. ಇಲ್ಲಿ ಒಂದು ಎಚ್ಚರ: ಇದನ್ನು ಶ್ರಾವಣದಲ್ಲಿ ಇಟ್ಟರೆ ಕೆಟ್ಟಿತು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅರಿವೆ ಒಣಗುವುದು ಮನೆಯೊಳಗೆ, ತಂತಿಯ ಸಾಕ್ಷಿ ಯಾರಿಗೂ ಕಾಣುವುದಿಲ್ಲ. ಫಾಲ್ಗುಣದಿಂದ ವೈಶಾಖದೊಳಗೆ ಇಡಬೇಕು. ಆಗ ಸಂಡಿಗೆ, ಹಪ್ಪಳ ಒಣಹಾಕಿ ಕಾಗೆ ಕಾಯಲು ಪ್ರತಿ ಟೆರೇಸಿನ ಮೇಲೂ ಒಬ್ಬರು ಕೂತಿರುತ್ತಾರೆ. ಕಾಯುವುದು ಕಾಗೆಯನ್ನಷ್ಟೇ ಅಲ್ಲ.

ನಿಜವಾಗಿ ಇಬ್ಬರು ಭೇಟಿಯಾಗುವ ಪ್ರಸಂಗ ಬಂದರೆ ಜಾಗ ಯೋಚಿಸಿ ಇಡಿ. ಧಾರವಾಡದವರು ಹುಬ್ಬಳ್ಳಿಗೆ ಹೋಗಿ ಕದ್ದು ಭೇಟಿಯಾದರು ಅಂತ ಬರೆಯುತ್ತಾರೆ. ಇಪ್ಪತ್ತು ಕಿಲೋಮೀಟರ್ ಗುಟ್ಟಿಗೆ ಸಾಲುವುದಿಲ್ಲ. ಎರಡೂ ಊರು ಒಂದೇ ಪಾಲಿಕೆಯ ಕೆಳಗೆ ಬಂದದ್ದು 1962ರಲ್ಲಿ; ಆವಾಗಿನಿಂದ ಅರ್ಧ ಜನರ ಮನೆ ಅಲ್ಲಿ, ನೌಕರಿ ಇಲ್ಲಿ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಹತ್ತುವುದಾದರೆ ನಿಲ್ದಾಣ ರಸ್ತೆಯ ನಟ್ಟನಡುವೆ, ಎರಡೂ ಬದಿಯ ಟ್ರಾಫಿಕ್ಕಿಗೆ ದರ್ಶನ ಕೊಟ್ಟು ನಿಲ್ಲಬೇಕು. ನೃಪತುಂಗ ಬೆಟ್ಟ, ಉಣಕಲ್ ಕೆರೆ, ಕೆಲಗೇರಿ ಕೆರೆ ಎಲ್ಲಾ ಕಡೆ ಶುಗರ್ ಇಳಿಸಲು ನಡೆಯುವ ನೆಂಟರು. ಅವರನ್ನು ಗದುಗಿಗೆ ಕಳಿಸಿ, ರೈಲಿದೆ.

ಮಾತಿನ ವಿಷಯ. ಒಂದೇ ಲೇಔಟಿನಲ್ಲಿ ಒಂದು ಮನೆ "ಬರ್ಲಿಕ್ಕತ್ತಾರ" ಅನ್ನುತ್ತದೆ, ಪಕ್ಕದ್ದು "ಬರಾಕತ್ತಾರ". ಈ ವ್ಯತ್ಯಾಸ ಹಿಡಿದರೆ "ಎಂದು ಇಂಥವರು ಹೇಳಿದರು" ಅಂತ ಬರೆಯುವುದೇ ಬೇಡ. ಆದರೆ ಆಡುಮಾತನ್ನು ಹಾಸ್ಯಪಾತ್ರಕ್ಕೆ ಮಾತ್ರ ಕೊಟ್ಟು, ಪ್ರೀತಿಯ ಮಾತು ಬಂದಾಗ ಗ್ರಂಥಭಾಷೆಗೆ ಜಿಗಿಯುವವರನ್ನು ಕಂಡರೆ ಸಿಟ್ಟು ಬರುತ್ತದೆ. "ನಾನು ನಿನ್ನನ್ನು ಬಯಸುತ್ತೇನೆ" ಅಂತ ವಿದ್ಯಾನಗರದಲ್ಲಿ ಯಾರೂ ಯಾರಿಗೂ ಅಂದಿಲ್ಲ. "ಚಾ ಕುಡದ ಹೋಗ್ರಲಾ" ಅನ್ನುವುದರಲ್ಲೇ ಎಲ್ಲಾ ಇರುತ್ತದೆ.

ವಾಟ್ಸಾಪ್ ಗ್ರೂಪಿನ ಅಳಿಸಿದ ಮೆಸೇಜು ಒಂದೇ ಸಲ ಬಳಸಿ, ಎರಡನೇ ಸಲಕ್ಕೆ ಹಳತಾಗುತ್ತದೆ. ಸಿಸಿಟಿವಿ ಇಟ್ಟರೆ ಡಿಸ್ಕು ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ ಅನ್ನುವುದು ನೆನಪಿರಲಿ. ವರ್ಷದ ಹಿಂದಿನ ದೃಶ್ಯ ಸಿಗುವುದಿಲ್ಲ.

ಕೊನೆಗೆ ಬಹಳ ಜನ ಎಡವುವ ಜಾಗ: ಯಾರನ್ನು ನೋಡಿ ನಗಬೇಕು. ಬಯಸಿದವರನ್ನು ನೋಡಿ ನಕ್ಕರೆ ಕಾದಂಬರಿ ಲೇಔಟಿನ ಚಾಡಿಮಾತಿಗಿಂತ ಮೇಲೇರುವುದಿಲ್ಲ, ಅದರಲ್ಲೂ ನಗೆಗೆ ಗುರಿಯಾಗುವುದು ಹೆಂಗಸೇ. ಮುಚ್ಚಿಡಲು ಪಡುವ ಪಾಡು ನೋಡಿ ನಗಿಸಬೇಕು. ಹೇಳುವವರೂ ಅದೇ ಲೇಔಟಿನವರಾಗಿರಲಿ, ಅವರ ಸಂಪಿನ ಹತ್ತಿರವೂ ಒಂದು ಗೋಣಿಚೀಲ ಇರಲಿ.

ಗಣಪತಿ ಪೆಂಡಾಲಿನ ಮೈಕಿನಲ್ಲಿ ಎಲ್ಲರ ಗುಟ್ಟು ಬಯಲಾಗುವ ಕೊನೆ ಬೇಡವೇ ಬೇಡ. ಬದಲಿಗೆ ಮೋಟರ್ ಜಪ್ತಿಗೆ ಬಂದವರನ್ನು ಲೇಔಟಿಗೆ ಇಳಿಸಿ. ಆರು ಮನೆಯಲ್ಲೂ ಐದೇ ನಿಮಿಷದಲ್ಲಿ ಪೈಪು ಕಳಚುತ್ತದೆ. ಒಂದು ಮೋಟರ್ ಕೌದಿಯ ಕೆಳಗೆ, ಒಂದು ದೇವರ ಮನೆಯಲ್ಲಿ, ಒಂದು ವರ್ಷದಿಂದ ಮಾತು ಬಿಟ್ಟವರ ಗೋಡೆಯಾಚೆ. ಆಚೆಯವರು ಕೈಚಾಚಿ ಇಸಕೊಳ್ಳುತ್ತಾರೆ, ಇಟ್ಟಿಗೆ ಹತ್ತಿ. ಮಾಸ್ತರು ಗೇಟಿನಲ್ಲಿ ನಿಂತು ಹೇಳಲಿ: "ಮೋಟರ್ ಏನ್ರಿ? ನಮ್ಮ ಲೇಔಟಿನ್ಯಾಗ ಅಂಥಾ ಮಂದಿ ಯಾರೂ ಇಲ್ರೀ ಸರ."