ಅಲಿ ಅಂದ್ರೆ ಅಲ್ಲೇ

ಊರಿನ ಹೆಸರಿನಿಂದಲೇ ಫಜೀತಿ ಶುರುವಾಯಿತು. ಬರೆದಿದ್ದನ್ನು ಓದಿದರೆ ಸಾವೊ ರೋಕೆ ದೆ ಮಿನಾಸ್. ಆದರೆ ಬ್ರೆಜಿಲ್‌ನವರ ಬಾಯಲ್ಲಿ ಪದದ ಮೊದಲಿಗೆ ಬರುವ 'ರ' ಉಳಿಯುವುದಿಲ್ಲ, 'ಹ' ಆಗಿಬಿಡುತ್ತದೆ. ರಿಯೊ ಹೋಗಿ ಹೀಯು, ರೋಕೆ ಹೋಗಿ ಹಾಕಿ. ಹೊರಡುವ ಹಿಂದಿನ ದಿನ ಸಾಗರದಲ್ಲಿರುವ ಅಮ್ಮನಿಗೆ ಫೋನ್ ಮಾಡಿ "ನಾಳೆ ಸಾಂವ್ ಹಾಕಿಗೆ ಹೋಗ್ತಿದೀವಿ" ಅಂದೆ.

"ಎಂತ ಹಾಕಿ?"

"ಸಾಂವ್ ಹಾಕಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಎಂತ ಬೇಕಾರೂ ಹಾಕು, ಉಪ್ಪು ಮಾತ್ರ ನೋಡಿ ಹಾಕು. ಹೋದ ಸಲ ಬಂದಾಗ ನಿನ್ನ ಸಾರು ಬಾಯಿಗಿಡಕ್ಕೆ ಆಗಲಿಲ್ಲ" ಅಂದು ಫೋನ್ ಇಟ್ಟಳು.

ನಾವು ಸಾವೊ ಪಾವ್ಲೊಗೆ ಬಂದು ಒಂದೂವರೆ ವರ್ಷ. ನಮ್ಮನೆಯವರ ಆಫೀಸು, ನಮ್ಮ ಅಪಾರ್ಟ್‌ಮೆಂಟು, ಅವೆರಡರ ನಡುವಿನ ಟ್ರಾಫಿಕ್ಕು, ಬ್ರೆಜಿಲ್ ಅಂದರೆ ಇಷ್ಟೇ ಆಗಿಹೋಗಿತ್ತು. ಜುಲೈನಲ್ಲಿ ನಾಲ್ಕು ದಿನ ರಜೆ ಸಿಕ್ಕಿದಾಗ, ಬೀಚು ಬೇಡ, ಗುಡ್ಡ ಇರಬೇಕು, ಹೊಳೆ ಇರಬೇಕು, ಸೌದೆ ಒಲೆ ಮೇಲೆ ಬೆಂದ ಊಟ ಇರಬೇಕು ಅಂತ ಹಟ ಹಿಡಿದವಳು ನಾನೇ. ಹಾಗೆ ಹುಡುಕಿದಾಗ ಸಿಕ್ಕಿದ್ದು ಮಿನಾಸ್ ಜೆರಾಯಿಸ್ ರಾಜ್ಯದ ಈ ಊರು. ಸುಮಾರು 7 ಸಾವಿರ ಜನ. ಬೆನ್ನಿಗೆ ಸೆರಾ ದಾ ಕನಾಸ್ತ್ರಾ ಬೆಟ್ಟ. ಕನಾಸ್ತ್ರಾ ಅಂದರೆ ಹಳೇ ಕಾಲದ ಪೆಟಾರಿ. ಬೆಟ್ಟ ದೂರದಿಂದ ನೋಡಿದರೆ ಹಾಗೇ ಕಾಣುತ್ತದೆ, ಯಾರೋ ಪೆಟಾರಿ ಇಟ್ಟು ಮರೆತು ಹೋದ ಹಾಗೆ.

ಭಾಷೆಯ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ. ಚಾವಿ, ಬಟಾಟೆ, ಪಾದ್ರಿ, ಮೇಸ್ತ್ರಿ ಎಲ್ಲ ಪೋರ್ಚುಗೀಸರು ನಮ್ಮ ಕಡೆ ಬಿಟ್ಟುಹೋದ ಪದಗಳೇ. ಮಂಗಳೂರು ಕಡೆಯವರು ಕಿಟಕಿಗೆ ಜನ್ನೇಲು ಅನ್ನುವುದೂ ಅವರಿಂದಲೇ. "ಅರ್ಧ ಭಾಷೆ ನಮಗೆ ಹುಟ್ಟಿದಾಗಿಂದ ಬರುತ್ತೆ ಕಣ್ರೀ" ಅಂತ ದಾರಿಯುದ್ದಕ್ಕೂ ನಮ್ಮನೆಯವರಿಗೆ ಪಾಠ ಹೇಳಿದೆ. ಆಮೇಲೆ ನಾಲ್ಕು ದಿನ ನಡೆದದ್ದೇನೆಂದರೆ, ಗೊತ್ತಿಲ್ಲದ ಪದ ಒಂದೂ ನಮಗೆ ತೊಂದರೆ ಕೊಡಲಿಲ್ಲ. ಎಡವಿ ಬೀಳಿಸಿದ್ದೆಲ್ಲ ಗೊತ್ತಿರೋ ಪದಗಳೇ.

ಮೊದಲು ಸಿಕ್ಕಿದ್ದು ಬೇಕರಿ ಬಾಗಿಲು. ಅದರ ಮೇಲೆ 'ಪುಶೆ' ಅಂತ ಬರೆದಿತ್ತು. ಪುಶ್ ಅಲ್ವಾ, ತಳ್ಳಿದೆ. ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ತಳ್ಳಿದೆ. ಒಳಗೆ ಕಾಫಿ ಕುಡಿಯುತ್ತಿದ್ದ ನಾಲ್ಕು ಜನ ಕಪ್ ಕೆಳಗಿಟ್ಟು ನನ್ನನ್ನೇ ನೋಡತೊಡಗಿದರು. ಭುಜ ಕೊಟ್ಟು ನೂಕಿದೆ. ಕೊನೆಗೆ ಒಬ್ಬ ಅಜ್ಜ ಎದ್ದು ಬಂದು ಒಳಗಿನಿಂದ ಮೆಲ್ಲಗೆ ತಳ್ಳಿದರು, ಬಾಗಿಲು ನನ್ನ ಕಡೆಗೆ ತೆರೆಯಿತು. ಪುಶೆ ಅಂದರೆ ಎಳೆಯಿರಿ ಅಂತ. ಸಾವೊ ಪಾವ್ಲೊದಲ್ಲಿ ನಾನು ಹೋಗುವ ಕಡೆಯೆಲ್ಲ ಬಾಗಿಲು ತಾನಾಗೇ ತೆರೆದುಕೊಳ್ಳುತ್ತಿದ್ದರಿಂದ ಒಂದೂವರೆ ವರ್ಷ ನನ್ನ ಮರ್ಯಾದೆ ಉಳಿದಿತ್ತು, ಅಷ್ಟೇ.

ನಾನು ನಗೆಪಾಟಲಾಗಿದ್ದು ನೋಡಿ ನಮ್ಮನೆಯವರಿಗೆ ಎಲ್ಲಿಲ್ಲದ ಹುರುಪು ಬಂತು. "ನೀನು ಕೂತ್ಕೋ, ನಾನು ಹೇಳ್ತೀನಿ" ಅಂತ ಕೌಂಟರಿಗೆ ಹೋದರು. ಮಿನಾಸ್‌ಗೆ ಬಂದವರು ಮೊದಲು ತಿನ್ನುವುದು ಪಾಂವ್ ಜಿ ಕೇಜು. ಮರಗೆಣಸಿನ ಹಿಟ್ಟಿಗೆ ಚೀಸ್ ಕಲಸಿ ಉಂಡೆ ಮಾಡಿ ಬೇಯಿಸಿದ್ದು, ಹೊರಗೆ ಗರಿಗರಿ, ಒಳಗೆ ಎಳೆದರೆ ಬರುವ ಹಾಗೆ ಮೆತ್ತಗೆ. ಮೊಟ್ಟೆಯೂ ಇರುತ್ತದೆ. ಆ ವಿಷಯದಲ್ಲಿ ನಾನು ಈ ದೇಶಕ್ಕೆ ಬಂದ ಮೊದಲ ವಾರವೇ ಕಣ್ಣು ಮುಚ್ಚಿಕೊಂಡಿದ್ದೇನೆ, ಅಮ್ಮನಿಗೆ ಹೇಳಬೇಡಿ. ಪಾಂವ್ ಅಂದರೆ ಬ್ರೆಡ್ಡು, ನಮ್ಮ ಪಾವ್ ಭಾಜಿಯ ಪಾವ್ ಬಂದಿದ್ದೂ ಅದರಿಂದಲೇ. ಹಡಗಿನಲ್ಲಿ ಬರುವಾಗ ನಡುವಿನ ಮೂಗಿನ ಸ್ವರ ಮಾತ್ರ ಎಲ್ಲೋ ಸಮುದ್ರಕ್ಕೆ ಬಿದ್ದುಹೋಗಿದೆ. ಆ ಸ್ವರ ಇಲ್ಲದೆ ಬರೀ 'ಪಾವ್' ಅಂದರೆ ಇಲ್ಲಿ ಕೋಲು. ಆ ಕೋಲಿಗೆ ಗಂಡಸರು ಗಂಡಸರ ನಡುವೆ ಬಳಸುವ ಇನ್ನೊಂದು ಅರ್ಥವಿದೆ, ನೀವೇ ಊಹಿಸಿಕೊಳ್ಳಿ. ಮುಂಬೈನಲ್ಲಿ ಆರು ವರ್ಷ ಪಾವ್ ತಿಂದಿದ್ದ ಇವರು ಗಂಟಲು ಸರಿ ಮಾಡಿಕೊಂಡು, ಕೌಂಟರಿನ ಹುಡುಗಿಗೆ ಕೇಳುವ ಹಾಗೆ, ಊರಿಗೇ ಕೇಳುವ ಹಾಗೆ, "ಆರು ಪಾವ್ ಕೊಡಿ, ಬಿಸಿಬಿಸಿ ಇರಲಿ" ಅಂದರು. ಹುಡುಗಿ ಕೌಂಟರಿನ ಕೆಳಗೆ ಬಗ್ಗಿದವಳು ಎರಡು ನಿಮಿಷ ಮೇಲೇಳಲಿಲ್ಲ. ಬಾಗಿಲು ತೆರೆದ ಅಜ್ಜ ಕಣ್ಣೊರೆಸಿಕೊಳ್ಳುತ್ತಿದ್ದರು.

ಉಳಿದುಕೊಂಡಿದ್ದು ಮನೆಯ ಹಿಂದೆ ನಾಲ್ಕು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಡುವ ಒಬ್ಬ ಹೆಂಗಸಿನ ಹತ್ತಿರ. ಇಲ್ಲಿ ಹಿರಿಯ ಹೆಂಗಸರನ್ನು ಹೆಸರಿನ ಮೊದಲಿಗೆ ದೋನಾ ಸೇರಿಸಿ ಕರೆಯುತ್ತಾರೆ, ನಾನು ಬರೀ ದೋನಾ ಅಂತಲೇ ಬರೆಯುತ್ತೇನೆ. ಅಮ್ಮನಷ್ಟೇ ವಯಸ್ಸು, ಅಮ್ಮನಷ್ಟೇ ಜೋರು. "ಶಾವಿ" ಅಂತ ಕೋಣೆಯ ಚಾವಿ ಕೈಗೆ ಕೊಟ್ಟರು. ನೋಡಿದ್ರಾ, ನಾ ಹೇಳಲಿಲ್ವಾ ಅನ್ನುವ ಹಾಗೆ ನಮ್ಮನೆಯವರ ಕಡೆ ನೋಡಿದೆ.

ಆದರೆ ದೋನಾ ಮಾತು ಮಾತಿಗೂ 'ವಾಯ್' ಅನ್ನುತ್ತಿದ್ದರು. ನಾವು ಇಂಡಿಯಾದವರು ಅಂದೆ. ವಾಯ್! ಯಾಕೆ ಅಂತ ಕೇಳಿದರೆ ಏನು ಹೇಳೋದು? ಅಪ್ಪ ಅಮ್ಮ ಅಲ್ಲೇ ಹುಟ್ಟಿದ್ದು, ಹಾಗಾಗಿ, ಅಂತ ವಿವರಿಸಿದೆ. ಮಾಂಸ ತಿನ್ನಲ್ಲ ಅಂದೆ. ವಾಯ್! ನಮ್ಮ ಮನೆತನ, ಮಠ, ಅಜ್ಜನ ಕಾಲದ ಪದ್ಧತಿ ಎಲ್ಲ ಹೇಳಿದೆ. ಮಕ್ಕಳಿಲ್ಲ ಅಂದೆ. ವಾಯ್! ಇದು ಜಾಸ್ತಿಯಾಯ್ತು ಅನ್ನಿಸಿದರೂ, ಹಿರಿಯರು ಅಂತ, ಮದುವೆಯಾಗಿ ಮೂರೇ ವರ್ಷ, ಇವರ ಕೆಲಸ ಇನ್ನೂ ಖಾಯಂ ಆಗಿಲ್ಲ, ಅಂತ ಸಂಸಾರದ ಗುಟ್ಟೆಲ್ಲ ಬಿಚ್ಚಿಟ್ಟೆ. ಮಿನಾಸ್ ಜನಕ್ಕೆ ಅದು ನಮ್ಮ 'ಅಯ್ಯೋ', 'ಹೌದಾ' ಇದ್ದ ಹಾಗೆ, ಅದಕ್ಕೆ ಉತ್ತರ ಕೊಡಬೇಕಿಲ್ಲ ಅಂತ ಗೊತ್ತಾಗಿದ್ದು ವಾಪಸ್ ಬಂದಮೇಲೆ, ಆಫೀಸಿನವರೊಬ್ಬರು ಹೇಳಿದಾಗ. ಅಷ್ಟರಲ್ಲಿ ದೋನಾಗೆ ನಮ್ಮ ಸಾಲದ ಕಂತು ಎಷ್ಟು ಅನ್ನುವುದೂ ಗೊತ್ತಾಗಿತ್ತು.

ಮಾಂಸದ ವಿಷಯ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. 'ಸೆಂ ಕಾರ್ನಿ', ಮಾಂಸ ಇಲ್ಲದ್ದು, ಅಂತ ಒತ್ತಿ ಹೇಳಿದ್ದೆ. ದೋನಾ ತಲೆಯಾಡಿಸಿ ಒಂದು ತಟ್ಟೆ ಹುರುಳಿಕಾಳಿನಂಥ ಪಲ್ಯ ತಂದಿಟ್ಟರು. ಅದರ ತುಂಬ ಹಂದಿಯ ತುಂಡುಗಳು. ಕಾರ್ನಿ ಅಂದರೆ ಇವರ ಲೆಕ್ಕದಲ್ಲಿ ದನದ ಮಾಂಸ ಮಾತ್ರ. ಹಂದಿ ರುಚಿಗೆ ಹಾಕೋದು, ಕೋಳಿ ಅಂದರೆ ಕೋಳಿ, ಅದನ್ನು ಯಾರು ಮಾಂಸ ಅಂತಾರೆ? ಆಮೇಲೆ ಅವರೇ ಕೈಹಿಡಿದು ಒಲೆಯ ಹತ್ತಿರ ಕರೆದುಕೊಂಡು ಹೋದರು. ನಿಜವಾದ ಸೌದೆ ಒಲೆ, ಮೇಲೆ ಕಬ್ಬಿಣದ ಹಲಗೆ, ಅದರ ಮೇಲೆ ಸಾಲಾಗಿ ಪಾತ್ರೆಗಳು. ಒಂದೊಂದೇ ಮುಚ್ಚಳ ತೆಗೆದು ನನ್ನ ಮುಖ ನೋಡುವುದು, ನಾನು ತಲೆಯಾಡಿಸುವುದು. ಅನ್ನ, ಸಣ್ಣಗೆ ಹೆಚ್ಚಿ ಬೆಳ್ಳುಳ್ಳಿ ಜೊತೆ ಬಾಡಿಸಿದ ಸೊಪ್ಪು, ಬೆಂಡೆಕಾಯಿ, ಜಿಲೋ. ಈ ಜಿಲೋ ಅಂದರೆ ಹಸಿರು ಗುಳ್ಳಬದನೆಯ ಮರಿ ಇದ್ದ ಹಾಗೆ, ಕಹಿ ಅಂದರೆ ಕಹಿ. ಇಲ್ಲಿಯ ಮಕ್ಕಳು ಅದನ್ನು ಕಂಡರೆ ಓಡಿಹೋಗುತ್ತಾರೆ. ಹಾಗಲಕಾಯಿ ಗೊಜ್ಜಿನಲ್ಲಿ ಬೆಳೆದ ನನಗೆ ಅದೊಂದು ಕಹಿಯೇ? ಮೂರು ಸಲ ಹಾಕಿಸಿಕೊಂಡೆ. ದೋನಾ ಕಣ್ಣು ತುಂಬಿಕೊಂಡು ನೋಡುತ್ತಿದ್ದರು.

ಅಷ್ಟಕ್ಕೇ ಸುಮ್ನಿರಬಹುದಿತ್ತು. ಅಡುಗೆ ಸೂಪರ್ ಅಂತ ಹೇಳಲು ಪದ ಸಾಲದೆ, ನಾವೆಲ್ಲ ಮಾಡುವ ಹಾಗೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿ, ಒಂದು ಕಣ್ಣು ಮುಚ್ಚಿ, ಕೈಯೆತ್ತಿ ತೋರಿಸಿದೆ. ಪಕ್ಕದ ಮೇಜಿನಲ್ಲಿ ಚಮಚದ ಸದ್ದು ನಿಂತಿತು. ಬ್ರೆಜಿಲ್‌ನಲ್ಲಿ ಆ ಸೊನ್ನೆ ತುಂಬ ಕೆಟ್ಟ ಬೈಗುಳ. ನಮ್ಮನೆಯವರು ಮೇಜಿನಾಚೆಯಿಂದ ಹಾರಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೆಬ್ಬೆರಳನ್ನು ಮಾತ್ರ ಮೇಲಕ್ಕೆ ನಿಲ್ಲಿಸಿದರು. "ವಾಯ್" ಅಂದರು ದೋನಾ, ಬಹಳ ಮೆಲ್ಲಗೆ.

ಇವರ ಸರದಿ ಬಚ್ಚಲಲ್ಲಿ ಬಂತು. ಇಲ್ಲಿ ಗೀಸರ್ ಇಲ್ಲ, ಶವರ್ ತಲೆಯೊಳಗೇ ಕರೆಂಟಿನ ಕಾಯಿಲ್, ಗೋಡೆಯಿಂದ ವೈರು ಬಂದು ನೇರ ಶವರಿಗೆ ಹೋಗುತ್ತದೆ. ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ಹಾಗಾಗಿ ಹೆದರಿಕೆ ನನಗಿಂತ ಜಾಸ್ತಿ. ರಬ್ಬರ್ ಚಪ್ಪಲಿ ಹಾಕಿಕೊಂಡು, ದೂರ ನಿಂತು, ಟವೆಲ್ ಸುತ್ತಿದ ಕೈಯಲ್ಲಿ ನಲ್ಲಿ ತಿರುಗಿಸಿದರು. ಜುಲೈ ಅಂದರೆ ಇಲ್ಲಿ ಚಳಿಗಾಲ. ನೀರು ತಣ್ಣಗೆ ಬಂತು ಅಂತ ಇನ್ನೂ ತಿರುಗಿಸಿದರು, ಇನ್ನೂ ತಣ್ಣಗಾಯಿತು. ಪೂರ್ತಿ ತಿರುಗಿಸಿದಾಗ ಬಚ್ಚಲಿನಿಂದ ಬಂದ ಕೂಗಿಗೆ ಯಾವ ಭಾಷೆಯೂ ಇರಲಿಲ್ಲ. ನಲ್ಲಿ ಕಡಿಮೆ ಮಾಡಿದರೆ ಬಿಸಿ ಜಾಸ್ತಿ ಆಗುತ್ತದೆ, ನೀರು ನಿಧಾನಕ್ಕೆ ಕಾಯಿಲ್ ದಾಟಿ ಬರುತ್ತದಲ್ಲ. ಅಷ್ಟು ಸಣ್ಣ ಲೆಕ್ಕ ಇಂಜಿನಿಯರಿಗೆ ಹೊಳೆಯಲಿಲ್ಲ ಅಂತ ನಾನು ಹೇಳಿದೆ, ಅದನ್ನು ಇವತ್ತಿಗೂ ಮರೆತಿಲ್ಲ ಅವರು.

ಮಾರನೇ ದಿನ ಬೆಟ್ಟ. 1972ರಿಂದ ಅದು ರಾಷ್ಟ್ರೀಯ ಉದ್ಯಾನ. ಮೇಲೆ ಹೋದರೆ ಮರಗಳಿಗಿಂತ ಹುಲ್ಲೇ ಜಾಸ್ತಿ, ಕಣ್ಣು ಹಾಯುವವರೆಗೆ ಒಣಹುಲ್ಲು, ಮೇಲೆ ಆಕಾಶ, ನಡುವೆ ಕೆಂಪು ದೂಳಿನ ರಸ್ತೆ. ಸಾವೊ ಫ್ರಾನ್ಸಿಸ್ಕೊ ನದಿ ಹುಟ್ಟುವುದು ಇಲ್ಲೇ. ಸಂತ ಫ್ರಾನ್ಸಿಸರ ಮೂರ್ತಿಯ ಹತ್ತಿರ ಸಣ್ಣ ಒರತೆ, ಮಕ್ಕಳು ದಾಟುವಷ್ಟು ನೀರು. ಅದೇ ಸುಮಾರು 2,800 ಕಿಲೋಮೀಟರ್ ಹರಿದು ಅಟ್ಲಾಂಟಿಕ್ ಸೇರುತ್ತದೆ. ತಲಕಾವೇರಿ ನೆನಪಾಗಿ, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಒಂದು ಹನಿ ತಲೆಗೆ ಚಿಮುಕಿಸಿಕೊಂಡೆ.

ಈ ಹುಲ್ಲುಗಾವಲಿನಲ್ಲಿ ದೈತ್ಯ ಇರುವೆಬಾಕ ಇದೆ. ಉದ್ದ ಮೂತಿ, ಪೊರಕೆಯಂಥ ಬಾಲ. ಅದನ್ನು ನೋಡದೆ ವಾಪಸ್ ಹೋಗಲ್ಲ ಅಂತ ನಮ್ಮನೆಯವರು ಕ್ಯಾಮೆರಾ ಹಿಡಿದು ಕೂತಿದ್ದರು. "ಅಗೋ!" ಅಂದಾಗಲೆಲ್ಲ ಕಾರು ನಿಲ್ಲಿಸುವುದು, ಬಗ್ಗಿಕೊಂಡು ಹತ್ತಿರ ಹೋಗುವುದು, ನೋಡಿದರೆ ಹುತ್ತ. ಇರುವೆಬಾಕ ಇರುವ ಕಡೆ ಹುತ್ತ ಇರಲೇಬೇಕಲ್ಲ, ಅದರ ಊಟವೇ ಅದು. ಹುತ್ತದ 14 ಒಳ್ಳೆಯ ಫೋಟೊಗಳು ನಮ್ಮ ಹತ್ತಿರ ಇವೆ, ನಾಗರಪಂಚಮಿಗೆ ಯಾರಿಗಾದರೂ ಬೇಕಿದ್ದರೆ ಕೇಳಿ. ಸಂಜೆ ಇವರು ಬ್ಯಾಟರಿ ಬದಲಾಯಿಸುತ್ತಿರುವಾಗ ನಿಜವಾದ ಇರುವೆಬಾಕ ರಸ್ತೆ ದಾಟಿತು. ನಾನು ನೋಡಿದೆ. ಇವರು ಬ್ಯಾಟರಿ ನೋಡುತ್ತಿದ್ದರು.

ಮೂರನೇ ದಿನ ಕಾಸ್ಕಾ ದಾಂತಾ ಜಲಪಾತ, 186 ಮೀಟರ್. ಚೆನ್ನಾಗಿದೆ. ಆದರೆ ಸಾಗರದವಳ ಮುಂದೆ ಜಲಪಾತ ತಂದಿಟ್ಟರೆ ಏನಾಗುತ್ತದೆ ಗೊತ್ತಲ್ಲ, ನಮ್ಮ ಜೋಗ 253 ಮೀಟರ್ ಅಂತ ಹೇಳದೆ ಇರಲು ಆಗಲಿಲ್ಲ. "ಅದರಲ್ಲಿ ಈಗ ನೀರಿದೆಯಾ?" ಅಂತ ನಮ್ಮನೆಯವರು ಕೇಳಿದರು. ಜುಲೈ ಅಲ್ವಾ, ಮಳೆಗಾಲ, ಖಂಡಿತ ಇದೆ ಅಂದೆ. ಜನವರಿಯಲ್ಲಿ ಕೇಳಿದ್ದರೆ ಮಾತು ಬದಲಾಯಿಸಬೇಕಿತ್ತು.

ವಾಪಸ್ ಬರುವಾಗ ಹುಲ್ಲಿನಲ್ಲಿ ಅಡ್ಡದಾರಿ ಹಿಡಿದೆವು. "ಇಂಬಳ ಇಲ್ಲದ ಕಾಡು ಒಂದು ಕಾಡಾ?" ಅಂತ ನಾನು ಜಂಬ ಕೊಚ್ಚಿದ್ದೆ. ರಾತ್ರಿ ನೋಡಿದರೆ ಕಾಲಿನ ತುಂಬ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕಿಗಳು, ಚುಕ್ಕಿಗಳಿಗೆ ಕಾಲುಗಳು. ಉಣುಗಿನ ಮರಿ. ಕೆರೆದುಕೊಳ್ಳುತ್ತಾ ಅಡುಗೆಮನೆಗೆ ಓಡಿದೆ. ದೋನಾ ನೋಡಿದವರೇ ಗಂಡನಿಗೆ ಕೂಗಿ ಹೇಳಿದರು, "ಆ ಹುಡುಗಿಗೆ ಡ್ಯುರೆಕ್ಸ್ ತಗೊಂಡು ಬನ್ನಿ!" ನಾನು ಕುರ್ಚಿಯಲ್ಲಿ ಸೆಟೆದು ಕೂತೆ. ನಮ್ಮ ಊರಲ್ಲಿ ಆ ಹೆಸರಿನ ವಸ್ತು ಮೆಡಿಕಲ್ ಶಾಪಿನಲ್ಲಿ ಕಾಗದ ಸುತ್ತಿ ಕೊಡುವಂಥದ್ದು. ಅವರ ಗಂಡ ನಮ್ಮನೆಯವರ ಹತ್ತಿರ ಹೋಗಿ, ನಿಮ್ಮ ಹೆಂಡತಿಗೆ ಡ್ಯುರೆಕ್ಸ್ ಬೇಕಂತೆ, ನಮ್ಮದು ಸಿಗುತ್ತಿಲ್ಲ, ನಿಮ್ಮ ಹತ್ತಿರ ಇದೆಯಾ ಅಂತ ಕೇಳಿದರಂತೆ. ಇವರ ಮುಖ ನೋಡಬೇಕಿತ್ತು. ಇಲ್ಲಿ ಡ್ಯುರೆಕ್ಸ್ ಅಂದರೆ ಅಂಟಿಸುವ ಟೇಪು. ಕಾಲಿಗೆ ಒತ್ತಿ ಎಳೆದರೆ ಉಣುಗಿನ ಮರಿಗಳೆಲ್ಲ ಟೇಪಿಗೆ ಅಂಟಿಕೊಂಡು ಬರುತ್ತವೆ. ಒಂದು ರೋಲ್ ಪೂರ್ತಿ ಖರ್ಚಾಯಿತು.

ಈ ಎಲ್ಲದರ ನಡುವೆ ಚೀಸ್ ಮಾಡುವುದನ್ನು ನೋಡಲು ದೋನಾರ ನೆಂಟರ ತೋಟಕ್ಕೆ ಹೋಗಿದ್ದನ್ನು ಹೇಳಲೇಬೇಕು. ದೂರವಾ ಅಂತ ಕೇಳಿದ್ದಕ್ಕೆ "ಲೋಗು ಅಲಿ" ಅಂದರು. ಅಲಿ ಅಂದರೆ ಅಲ್ಲಿ! ಲೋಗು ಅಲಿ, ಇಲ್ಲೇ, ಅಲ್ಲೇ. ಕನ್ನಡವೇ ಅಲ್ವಾ ಇದು ಅಂತ ಖುಷಿಯಾಗಿ ನಡೆದೇ ಹೊರಟೆವು. ಒಂದು ಗಂಟೆ ನಡೆದ ಮೇಲೆ ಸಿಕ್ಕಿದ ಕುದುರೆಯವನನ್ನು ಕೇಳಿದರೆ ಅವನೂ ಗದ್ದದಲ್ಲೇ ತೋರಿಸಿ "ಲೋಗು ಅಲಿ" ಅಂದ. ಇನ್ನೂ ಒಂದು ಗಂಟೆ. ಪದದ ಜೊತೆ ನಮ್ಮ ಊರಿನವರ ಅಳತೆಯೂ ಇಲ್ಲಿಗೆ ಬಂದಿತ್ತು.

ತೋಟದಲ್ಲಿ ಇಳಿಬಿದ್ದ ಕಿವಿ, ಉಬ್ಬಿದ ಹಣೆಯ ಗೀರ್ ಹಸುಗಳು. ಗುಜರಾತಿನವು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಹಡಗಿನಲ್ಲಿ ಇಲ್ಲಿಗೆ ಬಂದ ನಮ್ಮ ದನಗಳ ಸಂತಾನ. ನೆಲ್ಲೂರಿನ ಹೆಸರಿನ ನೆಲೋರಿ ತಳಿಯಂತೂ ಈ ದೇಶದ ತುಂಬ ಇದೆ. ನೆಂಟರನ್ನು ಕಂಡ ಹಾಗಾಗಿ "ಬಾ ಪುಟ್ಟಿ, ಬಾ" ಅಂದೆ. ಬಂತು. ಬಂದು ನನ್ನ ಶಾಲಿನ ಅಂಚನ್ನು ನಿಧಾನಕ್ಕೆ ತಿಂದಿತು.

ಇಲ್ಲಿಯ ಹಸಿ ಹಾಲಿನ ಚೀಸಿಗೆ ಭಾರೀ ಹೆಸರು. ಮಿನಾಸ್‌ನವರು ಚೀಸ್ ಮಾಡುವ ಈ ಪದ್ಧತಿಯನ್ನು ಯುನೆಸ್ಕೊ 2024ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಕರೆದ ಹಾಲು ಬಿಸಿ ಆರುವ ಮುಂಚೆಯೇ ಅದಕ್ಕೆ ಒಡೆಯುವ ದ್ರಾವಣದ ಜೊತೆ 'ಪಿಂಗು' ಹಾಕುತ್ತಾರೆ. ಹಿಂದಿನ ದಿನ ಉಪ್ಪು ಹಚ್ಚಿಟ್ಟ ಚೀಸಿನಿಂದ ರಾತ್ರಿಯಿಡೀ ತೊಟ್ಟಿಕ್ಕಿದ ನೀರು ಅದು. ಅಂದರೆ ನಮ್ಮ ಹೆಪ್ಪು! ನಿನ್ನೆಯದು ಇವತ್ತಿಗೆ, ಇವತ್ತಿನದು ನಾಳೆಗೆ. ತಮ್ಮದು ಕೆಟ್ಟರೆ ಪಕ್ಕದ ತೋಟದವರ ಹತ್ತಿರ ಕೇಳಿ ತರುವುದೂ ಉಂಟಂತೆ.

ಆ ರಾತ್ರಿ ಅಮ್ಮನಿಗೆ ಫೋನಿನಲ್ಲಿ ನದಿ, ಜಲಪಾತ, ಇರುವೆಬಾಕ ಎಲ್ಲ ವರ್ಣಿಸಿದೆ. ಹ್ಞೂಂ, ಹ್ಞೂಂ ಅಂದಳು. ಪಿಂಗು ವಿಷಯ ಹೇಳಿದ ಕೂಡಲೇ ಎದ್ದು ಕೂತಳು ಅಂತ ಕಾಣುತ್ತದೆ. "ಒಂಚೂರು ಇಸ್ಕಂಡು ಬಾರೆ, ಡಬ್ಬಿಯಲ್ಲಿ. ನಮ್ಮ ಹಾಲಿಗೆ ಹಾಕಿ ನೋಡನ."

ಹೊರಡುವ ದಿನ ಬೆಳಿಗ್ಗೆ ಏಳು ಗಂಟೆಗೆ ಖಾಲಿ ಡಬ್ಬಿ ಹಿಡಿದು ದೋನಾ ಎದುರು ನಿಂತೆ. ನೆಂಟರ ತೋಟದಿಂದ ತಂದ ಪಿಂಗು ಇವರ ಮನೆಯಲ್ಲೂ ಇರುತ್ತದೆ ಅಂತ ನೋಡಿಟ್ಟುಕೊಂಡಿದ್ದೆ. ನಿದ್ದೆಗಣ್ಣು, ಕೊನೆಯ ಅಕ್ಷರ ಸ್ವಲ್ಪ ಜಾರಿತು. "ಸ್ವಲ್ಪ ಪಿಂಗಾ ಕೊಡ್ತೀರಾ? ನಮ್ಮ ಅಮ್ಮನಿಗೆ."

"ವಾಯ್!"

ಯಾಕೆ ಅಂತ ಕೇಳುತ್ತಿದ್ದಾರೆ, ಹೇಳಬೇಕಲ್ಲ. ಅಮ್ಮ ದಿನಾ ರಾತ್ರಿ ಮಲಗುವ ಮುಂಚೆ ಒಂದು ಚಮಚ ಹಾಲಿಗೆ ಹಾಕುತ್ತಾಳೆ ಅಂದೆ. ದೋನಾ ಎದೆ ಮೇಲೆ ಕೈಯಿಟ್ಟುಕೊಂಡರು. ಅಜ್ಜಿಯೂ ಹಾಗೇ ಮಾಡುತ್ತಿದ್ದಳು, ಅದಿಲ್ಲದೆ ನಮ್ಮ ಮನೆಯಲ್ಲಿ ಊಟ ಮುಗಿಯುವುದೇ ಇಲ್ಲ, ಹುಟ್ಟಿದ ಆರು ತಿಂಗಳಿಗೇ ಮಕ್ಕಳಿಗೆ ಕೊಡಲು ಶುರು ಮಾಡುತ್ತೇವೆ, ದೇವರಿಗೂ ಅದರಲ್ಲೇ ಸ್ನಾನ ಅಂದೆ.

ಪಿಂಗಾ ಅಂದರೆ ಕಬ್ಬಿನ ಹಾಲಿನಿಂದ ಇಳಿಸಿದ ಸಾರಾಯಿ. ದೋನಾ ಒಳಗೆ ಹೋಗಿ, ನನ್ನ ಡಬ್ಬಿಯನ್ನು ಪಕ್ಕಕ್ಕಿಟ್ಟು, ಎರಡು ದೊಡ್ಡ ಬಾಟಲಿ ಹೊತ್ತು ಬಂದರು. ದುಡ್ಡು ಬೇಡ ಅಂದರು. ನನ್ನ ತಲೆ ಸವರಿ, "ಒಂದು ನಿನ್ನ ಅಮ್ಮನಿಗೆ, ಇನ್ನೊಂದು ದೇವರಿಗೆ" ಅಂದರು.