ಒಂದು ತಿಂಗಳಾದ್ಮೇಲೆ ಕೇಳೋರು ಯಾರು

ನಾನು ಕೆಲಸ ಮಾಡೋ ವಾರ್ಡಿಗೆ ಎರಡು ಬಾಗಿಲು, ಒಂದು ಮುಚ್ಚೋ ತನಕ ಇನ್ನೊಂದು ತೆಗೆಯಲ್ಲ. ಸೊಂಟದ ಬೆಲ್ಟಿಗೆ ಕೀ ಗೊಂಚಲು, ಪಕ್ಕದಲ್ಲಿ ಅಲಾರ್ಮ್. ಇಂಗ್ಲೆಂಡಿನ ಉತ್ತರದ ಕಡೆ ಒಂದು ಊರು, ಅಲ್ಲಿ ಮಾನಸಿಕ ರೋಗಿಗಳನ್ನ ಬೀಗ ಹಾಕಿಟ್ಟು ನೋಡ್ಕೊಳ್ಳೋ ವಾರ್ಡಲ್ಲಿ ನಾನು ನರ್ಸು. ಕೆಲವರನ್ನ 15 ನಿಮಿಷಕ್ಕೊಂದ್ಸಲ ನೋಡಿ ಬರೀಬೇಕು, ಇನ್ನು ಕೆಲವರನ್ನ ಕೈಗೆಟುಕೋ ದೂರದಲ್ಲೇ ಕೂತು ಕಾಯ್ಬೇಕು, ಬಾತ್‌ರೂಮಿಗೆ ಹೋದ್ರೂ ಜೊತೆಗೆ ಹೋಗ್ಬೇಕು. ಶಿಫ್ಟು ಅಂದ್ರೆ 12 ಗಂಟೆಗೂ ಮೇಲೆ. ಮುಗಿದ್ಮೇಲೆ ಕೀ ವಾಪಸ್ ಕೊಟ್ಟೇ ಹೊರಗೆ ಬರ್ಬೇಕು, ಕೊಟ್ಟೇ ಬರ್ತೀನಿ, ಆದ್ರೆ ಹೋದ್ಸಲ ಜುಲೈಲಿ ರಜಕ್ಕೆ ಬಂದಾಗ ಸೋಮವಾರಪೇಟೆ ಹತ್ರದ ನಮ್ಮ ಮನೇಲಿ ರಾತ್ರಿ ಮೂರು ಗಂಟೆಗೆ ಎದ್ದು ಸೊಂಟ ತಡಕಾಡ್ತಿದ್ದೆ, ಕೀ ಎಲ್ಲಿ ಹೋಯ್ತು ಅಂತ. ಹೊರಗಡೆ ಮಳೆ ಹೆಂಚಿನ ಮೇಲೆ ಒಂದೇ ಸಮ ಹೊಯ್ತಿತ್ತು, ಕರೆಂಟ್ ಇರ್ಲಿಲ್ಲ.

ಅಪ್ಪ ಎದ್ದಿದ್ರು. ನೋಡಿದ್ರು, ಏನೂ ಕೇಳ್ಲಿಲ್ಲ. ಒಲೆ ಹಚ್ಚಿ, ಬೆಲ್ಲದ ಕಾಫಿ ಮಾಡಿ, ಲೋಟ ನನ್ನ ಮುಂದಿಟ್ಟು ಪಕ್ಕದಲ್ಲಿ ಕೂತ್ರು. ಬೆಳಕು ಹರಿಯೋ ತನಕ ಇಬ್ರೂ ಹಂಗೇ ಕೂತಿದ್ವಿ. ಆಮೇಲೆ ಅವ್ರು ಹೇಳಿದ್ದು ಇಷ್ಟೇ, "ನಂಗೂ ಆಗ್ತಿತ್ತು ಮಗ. ನಂದು ರೈಫಲ್ಲು."

ಅಪ್ಪ ಮಿಲಿಟರೀಲಿ 24 ವರ್ಷ ಇದ್ದು ಸುಬೇದಾರ್ ಆಗಿ ಬಂದವ್ರು. ಅಷ್ಟು ವರ್ಷದಲ್ಲಿ ಈ ಮಾತು ಅವ್ರ ಬಾಯಿಂದ ನಾನು ಕೇಳಿರ್ಲಿಲ್ಲ, ಅಮ್ಮನೂ ಕೇಳಿರ್ಲಿಲ್ಲ.

ಕೊಡಗಿನವ್ರಿಗೆ ಮಿಲಿಟರಿ ಅಂದ್ರೆ ಗೊತ್ತಿರೋ ವಿಷ್ಯನೇ. ಜನರಲ್ ಕಾರ್ಯಪ್ಪನವರು ಹುಟ್ಟಿದ ಶನಿವಾರಸಂತೆ ನಮ್ಮ ಮನೆಯಿಂದ ದೂರ ಇಲ್ಲ, 1949ರ ಜನವರಿ 15ಕ್ಕೆ ಅವ್ರು ಸೇನೆಯ ಮೊದಲ ಭಾರತೀಯ ಕಮಾಂಡರ್-ಇನ್-ಚೀಫ್ ಆದ್ರು ಅನ್ನೋದನ್ನ ಶಾಲೇಲಿ ಬಾಯಿಪಾಠ ಮಾಡಿಸ್ತಿದ್ರು. ನಂಗೂ ಆ ಹೆಮ್ಮೆ ಇದೆ, ಈಗ್ಲೂ ಇದೆ. ಆದ್ರೆ ಆ ಹೆಮ್ಮೆ ಜೊತೆಗೇ ಇನ್ನೊಂದು ಪಾಠನೂ ಬಂತು, ಗಂಡಸು ಅಳಬಾರ್ದು, ಮನಸ್ಸು ಕಲ್ಲು ಮಾಡ್ಕೋಬೇಕು, ಎಲ್ಲಿಗೆ ಹಾಕಿದ್ರೂ ಸುಮ್ನೆ ಇದ್ದು ಬರ್ಬೇಕು. ನನ್ನ ಹತ್ತನೇ ವಯಸ್ಸಲ್ಲಿ ಹಾಸ್ಟೆಲಿಗೆ ಬಿಟ್ಟಾಗ್ಲೂ ಇದೇ ಹೇಳಿ ಬಿಟ್ರು, ಆ ಹಾಸ್ಟೆಲ್ಲಲ್ಲಿ ರಾತ್ರಿ ಅತ್ತ ಹುಡುಗನ್ನ ಬೆಳಿಗ್ಗೆ ಪ್ರೇಯರಲ್ಲಿ ಎಲ್ರ ಮುಂದೆ ನಿಲ್ಲಿಸ್ತಿದ್ರು. ನಾನು ಒಂದೇ ಸಲ ನಿಂತಿದ್ದು, ಆಮೇಲೆ ಅಳೋದು ಬಿಟ್ಟೆ. ಬಿಟ್ಟಿದ್ದು ಗಟ್ಟಿಯಾಗಿದ್ದಕ್ಕಲ್ಲ, ಹೆದರಿಕೆಗೆ, ಇವೆರಡೂ ಒಂದೇ ಅಂತ ಸುಮಾರು ಇಪ್ಪತ್ತು ವರ್ಷ ಅಂದ್ಕೊಂಡಿದ್ದೆ.

ಆವತ್ತು ಬೆಳಿಗ್ಗೆ ಅಪ್ಪನ ಹತ್ರ ಮಾತು ಬಿಡಿಸ್ತಾ ಹೋದಂಗೆ ಗೊತ್ತಾಯ್ತು, ಅವ್ರನ್ನ ಅಷ್ಟು ವರ್ಷ ಉಳಿಸಿದ್ದು ಕಲ್ಲು ಮನಸ್ಸೇನಲ್ಲ. ಅವ್ರಿಗೊಬ್ಬ ಜೊತೆಗಾರ ಇದ್ದ. ಸೇನೇಲಿ ಇಬ್ಬಿಬ್ರನ್ನ ಜೋಡಿ ಮಾಡಿ ಹಾಕ್ತಾರೆ, ಒಬ್ಬ ಮಲಗಿದ್ರೆ ಇನ್ನೊಬ್ಬ ಎದ್ದಿರ್ಬೇಕು, ಒಬ್ಬನ ಕಾಲು ಹಿಮಕ್ಕೆ ಮರಗಟ್ಟಿದ್ರೆ ಇನ್ನೊಬ್ಬ ತಿಕ್ಕಬೇಕು, ಊಟ ಬಿಟ್ರೆ ಯಾಕೆ ಬಿಟ್ಟೆ ಅಂತ ಕೇಳೋನೂ ಅವನೇ. ಅಪ್ಪನ ಜೋಡಿ ಗಢವಾಲ ಕಡೆಯೋರು, ಈಗ್ಲೂ ಹುತ್ತರಿಗೆ ಅಪ್ಪ ಅವ್ರಿಗೆ ಫೋನ್ ಮಾಡ್ತಾರೆ, ದೀಪಾವಳಿಗೆ ಅವ್ರು ಇವ್ರಿಗೆ ಮಾಡ್ತಾರೆ. ಮತ್ತೆ ಕಾಗದ. 56 ಎಪಿಓ ಅಂತ ಸೇನೆಯ ಅಂಚೆ ವಿಳಾಸ ಬರೆದು ಅಮ್ಮ ಹಾಕ್ತಿದ್ದ ಇನ್‌ಲ್ಯಾಂಡ್ ಲೆಟರ್, ಅದ್ರಲ್ಲಿ ಹೂಮಳೆ ಬಂತೋ ಇಲ್ವೋ, ಯಾವ ಗಿಡಕ್ಕೆ ಕಾಂಡಕೊರಕ ಬಿತ್ತು, ಹಸು ಕರು ಹಾಕ್ತು, ಇಷ್ಟೇ ಇರ್ತಿತ್ತಂತೆ. ಕಪ್ಪು ಟ್ರಂಕಿನ ಮೂಲೇಲಿ ನಮ್ಮ ತೋಟದ ಅರೇಬಿಕಾ ಪುಡಿ ಕಟ್ಟಿಟ್ಕೊಂಡು ಹೋಗ್ತಿದ್ರು. ವಾರಕ್ಕೊಂದು ಸಲ ಮಾತ್ರ ಅದ್ರಲ್ಲಿ ಕಾಫಿ, ಭಾನುವಾರ ಬೆಳಿಗ್ಗೆ. "ಆ ಒಂದು ಲೋಟ ಕುಡಿಯೋವಾಗ ನಾನು ನಂಬರ್ ಆಗಿರ್ತಿರ್ಲಿಲ್ಲ, ಮನೆಯವನಾಗಿರ್ತಿದ್ದೆ" ಅಂದ್ರು.

ಇದನ್ನ ಕೇಳಿ ನಂಗೆ ಮೈ ಜುಮ್ ಅಂತು, ಯಾಕಂದ್ರೆ ಸೈಕಿಯಾಟ್ರಿಕ್ ನರ್ಸಿಂಗ್ ಓದೋವಾಗ ಎರ್ವಿಂಗ್ ಗಾಫ್‌ಮನ್ ಅನ್ನೋ ಸಮಾಜಶಾಸ್ತ್ರಜ್ಞನ ಬಗ್ಗೆ ಕಲಿತಿದ್ವಿ. ಅವ್ನು 1955-56ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಅನ್ನೋ ದೊಡ್ಡ ಮಾನಸಿಕ ಆಸ್ಪತ್ರೇಲಿದ್ದು ಒಳಗಿನ ಜನ ಹೆಂಗೆ ಬದುಕ್ತಾರೆ ಅಂತ ನೋಡಿದ. ಜೈಲು, ಬ್ಯಾರಕ್ಕು, ಬೋರ್ಡಿಂಗ್ ಶಾಲೆ, ಆಸ್ಪತ್ರೆ, ಎಲ್ಲೆಲ್ಲಿ ಊಟ ನಿದ್ದೆ ಕೆಲಸ ಮೂರೂ ಒಂದೇ ಗೋಡೆ ಒಳಗೆ ಒಂದೇ ಗಂಟೆಗೆ ನಡೆಯುತ್ತೋ ಅಲ್ಲೆಲ್ಲ ಮೊದಲು ಮನುಷ್ಯನ ಬಟ್ಟೆ, ಹೆಸರು, ಸಾಮಾನು ಕಿತ್ಕೊಳ್ತಾರೆ, ಜನ ಮಾತ್ರ ಹೆಂಗೋ ಮಾಡಿ ಒಂದು ಮೂಲೆ, ಒಂದು ಸಣ್ಣ ವಸ್ತು, ತಮ್ದು ಅಂತ ಉಳಿಸ್ಕೊಳ್ತಾರೆ ಅಂತ ಬರೆದ. ಅವ್ನು ಅಲ್ಲಿ ಕಂಡಿದ್ದನ್ನೇ ನಮ್ಮಪ್ಪ ಟ್ರಂಕಲ್ಲಿ ಕಟ್ಕೊಂಡು ಓಡಾಡ್ತಿದ್ರು. ನನ್ನ ರೋಗಿಗಳಲ್ಲಿ ಒಬ್ಬ ಅಜ್ಜ ಬಟನ್ ಒಂದನ್ನ ಮುಷ್ಟೀಲೇ ಇಟ್ಕೊಂಡಿರ್ತಿದ್ದ, ಯಾರೂ ಅದನ್ನ ಕಿತ್ಕೋಬೇಡಿ ಅಂತ ನಾನು ಕೇರ್ ಪ್ಲಾನಲ್ಲೇ ಬರೆಸಿದೆ.

ಇಂಗ್ಲೆಂಡಿನ ರೀತಿಲಿ ನಂಗೆ ನಿಜವಾಗ್ಲೂ ಬೆಲೆ ಅನ್ಸಿದ್ದು ಒಂದಿದೆ. ಎರಡು ವರ್ಷದ ಹಿಂದೆ ನಮ್ಮ ವಾರ್ಡಲ್ಲಿ ಒಬ್ಬ ಹುಡುಗನ್ನ ಕೊನೇ ಗಳಿಗೇಲಿ ಉಳಿಸ್ಕೊಂಡ್ವಿ. ಹತ್ತೊಂಬತ್ತು ವಯಸ್ಸು. ಆವತ್ತು ರಿಪೋರ್ಟ್ ಬರೆದು, ಹ್ಯಾಂಡೋವರ್ ಕೊಟ್ಟು, ಬಸ್ಸು ಹತ್ತಿ ರೂಮಿಗೆ ಹೋಗಿ ಅನ್ನ ಮಾಡ್ಕೊಂಡು ಉಂಡೆ, ಏನೂ ಆಗೇ ಇಲ್ಲ ಅನ್ನೋ ತರ. ಮೂರನೇ ದಿನ ನಮ್ಮ ಹಾಗೇ ಶಿಫ್ಟ್ ಮಾಡೋ ಸಹೋದ್ಯೋಗಿ ಒಬ್ರು ಬಂದು ಪಕ್ಕದಲ್ಲಿ ಕೂತು ಕೇಳಿದ್ರು, ನಿದ್ದೆ ಬರ್ತಿದ್ಯಾ, ಅದೇ ಚಿತ್ರ ಮತ್ತೆ ಮತ್ತೆ ಕಣ್ಮುಂದೆ ಬರುತ್ತಾ, ತಪ್ಪು ನಿಂದೇ ಅನ್ಸುತ್ತಾ, ಕುಡಿಯೋದು ಜಾಸ್ತಿ ಆಗಿದ್ಯಾ. ಎಲ್ಲಾ ಸರಿ ಇದೆ ಅಂದೆ. ಸರಿ ಅಂತ ಎದ್ದು ಹೋದ್ರು. ಒಂದು ತಿಂಗಳಾದ್ಮೇಲೆ ಮತ್ತೆ ಬಂದ್ರು, ಅವೇ ಪ್ರಶ್ನೆ. ಎರಡನೇ ಪ್ರಶ್ನೆಗೇ ನಾನು ಅತ್ತುಬಿಟ್ಟೆ.

ಇದಕ್ಕೆ ಟ್ರಿಮ್ ಅಂತಾರೆ, ಬ್ರಿಟನ್ನಿನ ರಾಯಲ್ ಮರೀನ್ಸ್ ಪಡೇಲಿ ಶುರುವಾಗಿ ಆಮೇಲೆ ಪೊಲೀಸು, ಆಂಬುಲೆನ್ಸು, ಆಸ್ಪತ್ರೆಗಳಿಗೂ ಬಂದಿದ್ದು. ಡಾಕ್ಟ್ರಲ್ಲದ ಜೊತೆ ಕೆಲಸಗಾರರಿಗೇ ತರಬೇತಿ ಕೊಟ್ಟು, ಘಟನೆ ಆಗಿ ಸುಮಾರು 72 ಗಂಟೆ ಕಳೆದ್ಮೇಲೆ ಒಂದ್ಸಲ, 28 ದಿನದ ಹೊತ್ತಿಗೆ ಇನ್ನೊಂದ್ಸಲ ಕೇಳಿಸ್ತಾರೆ, ಎರಡನೇ ಸಲಕ್ಕೂ ಭಾರ ಇಳಿದಿಲ್ಲ ಅಂದ್ರೆ ತಜ್ಞರ ಹತ್ರ ಕಳಿಸ್ತಾರೆ. ಮುಂಚೆ ಆವತ್ತೇ ಎಲ್ರನ್ನೂ ಕೂರಿಸಿ ಏನಾಯ್ತು ಹೇಳಿ ಹೇಳಿ ಅಂತ ಒಂದೇ ಸಲಕ್ಕೆ ಬಾಯಿ ಬಿಡಿಸೋ ಪದ್ಧತಿ ಇತ್ತು, ಅದ್ರಿಂದ ಉಪಯೋಗ ಇಲ್ಲ, ರೂಢಿಯಾಗಿ ಎಲ್ರಿಗೂ ಮಾಡ್ಬೇಡಿ ಅಂತ ಅಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಕೊಡೋ ನೈಸ್ ಸಂಸ್ಥೆ 2005ರಲ್ಲೇ ಹೇಳ್ತು. ಅಂದ್ರೆ ಆ ರಾತ್ರಿ ಏನೂ ಕೇಳ್ದೆ ಕಾಫಿ ಇಟ್ಟು ಕೂತ ಅಪ್ಪ ಮಾಡಿದ್ದು ಸರೀನೇ ಇತ್ತು.

ನಮ್ಮೂರಲ್ಲಿ ಮೊದಲ ಹದಿನೈದು ದಿನ ಯಾರೂ ನಮ್ಮನ್ನ ಮೀರಿಸೋಕಾಗಲ್ಲ. ಸಾವಿನ ಮನೆಗೆ ಅಕ್ಕಪಕ್ಕದೋರೇ ಗಂಜಿ ತರ್ತಾರೆ, ಮಾತಾಡ್ಲೇಬೇಕು ಅಂತಿಲ್ಲ, ಜಗಲೀಲಿ ಕೂತು ಎದ್ದು ಹೋಗ್ತಾರೆ. 2018ರ ಆಗಸ್ಟಲ್ಲಿ ಬೆಟ್ಟ ಜಾರಿದಾಗ ಮಕ್ಕಂದೂರು ಕಡೆಯಿಂದ ಅಮ್ಮನ ಕಡೆ ಸಂಬಂಧಿ ಚಿಕ್ಕಮ್ಮ ಒಬ್ರು ಉಟ್ಟ ಬಟ್ಟೇಲಿ ಪರಿಹಾರ ಕೇಂದ್ರಕ್ಕೆ ಬಂದ್ರು. ಅಕ್ಕಿ ಬಂತು, ಕಂಬಳಿ ಬಂತು, ಎಲ್ಲೆಲ್ಲಿಂದಲೋ ಜನ ಬಂದ್ರು. ಕೇಂದ್ರದಲ್ಲಿ ಸುಮ್ನೆ ಕೂತು ತಟ್ಟೆ ಹಿಡ್ಕೊಂಡು ಸಾಲಲ್ಲಿ ನಿಲ್ಲೋದೇ ಅವ್ರಿಗೆ ತಡಿಯೋಕಾಗ್ತಿರ್ಲಿಲ್ಲ, ಮೂರನೇ ದಿನ ಅಡಿಗೆ ಪಾತ್ರೆ ಹತ್ರ ಹೋಗಿ ಸೌಟು ಕೈಗೆ ತಗೊಂಡ್ರು, ಆಮೇಲಷ್ಟೇ ಸ್ವಲ್ಪ ಮಾತಾಡಿದ್ದು ಅಂತ ಅಮ್ಮ ಹೇಳ್ತಾರೆ. ಎಲ್ಲಾ ಮುಗೀತು, ಕೇಂದ್ರ ಮುಚ್ಚಿದ್ರು, ಬಾಡಿಗೆ ಮನೆ ಸಿಕ್ತು, ಜನ ಅವ್ರವ್ರ ಕೆಲಸಕ್ಕೆ ಹೋದ್ರು. ಮುಂದಿನ ಜೂನಲ್ಲಿ ಮೊದಲ ಮಳೆ ಬಿದ್ದ ರಾತ್ರಿಯಿಂದ ಚಿಕ್ಕಮ್ಮ ನಿದ್ದೆ ಮಾಡ್ಲಿಲ್ಲ. ಆವಾಗ ಕೇಳೋಕೆ ಯಾರೂ ಇರ್ಲಿಲ್ಲ. ನಾನೂ ಕೇಳ್ಲಿಲ್ಲ, ಆ ನೋವು ನಂಗೆ ಇವತ್ತಿಗೂ ಇದೆ.

ಇಂಗ್ಲೆಂಡಲ್ಲಿ ತಿಂಗಳಾದ್ಮೇಲೆ ಕೇಳ್ತಾರೆ, ಆದ್ರೆ ಗಂಜಿ ತರೋರಿಲ್ಲ. ಆ ಹುಡುಗನ ವಿಷ್ಯ ಆದ್ಮೇಲೆ ನಾನು ಒಂದು ವಾರ ರಜ ಹಾಕಿದೆ, ಏಳು ದಿನದವರೆಗೆ ಡಾಕ್ಟರ್ ಚೀಟಿ ಬೇಡ, ನಂಗೆ ಹುಷಾರಿಲ್ಲ ಅಂತ ನಾವೇ ಬರ್ಕೊಟ್ರೆ ಸಾಕು, ಇದು ದೊಡ್ಡ ಸೌಲಭ್ಯ. ಆದ್ರೆ ಆ ಏಳು ದಿನ ನನ್ನ ಬಾಗಿಲು ಒಬ್ರೂ ತಟ್ಟಲಿಲ್ಲ. ವಾಪಸ್ ಹೋದಾಗ ಮನೋಸ್ಥೈರ್ಯ ಹೆಚ್ಚಿಸ್ಕೊಳ್ಳೋದು ಹೇಗೆ ಅಂತ ಆನ್‌ಲೈನ್ ಪಾಠ ಒಂದನ್ನ ಕಳಿಸಿದ್ರು, ಬಿಡುವಿನ ಟೈಮಲ್ಲಿ ಮುಗಿಸ್ಬೇಕಂತೆ. ಆ ವಾರ ಶಿಫ್ಟಿನ ಪಟ್ಟೀಲಿ ಇಬ್ರು ಕಮ್ಮಿ ಇದ್ರು. ಉಸಿರಾಟದ ಅಭ್ಯಾಸ ಹೇಳ್ಕೊಡೋಕ್ಕಿಂತ ಮುಂಚೆ ಆ ಇಬ್ರನ್ನ ತುಂಬಿಸ್ಬೇಕಿತ್ತು ಅಂತ ನಾನು ಮೀಟಿಂಗಲ್ಲೇ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟನ್ನ, ಅಂದ್ರೆ ಕೆಲಸದಿಂದ ಪೂರ್ತಿ ಸೋತು ಹೋಗೋದನ್ನ, ಕಾಯಿಲೆ ಅಂತ ಸೇರಿಸ್ಲಿಲ್ಲ, ಕೆಲಸದ ಜಾಗದ ಒತ್ತಡವನ್ನ ಸರಿಯಾಗಿ ನಿಭಾಯಿಸ್ದೆ ಬಿಟ್ಟಿದ್ರಿಂದ ಬರೋದು ಅಂತ ಬರೆದುಕೊಳ್ತು. ಒತ್ತಡ ಕೆಲಸದ ಜಾಗದ್ದು ಅಂದ್ಮೇಲೆ ಮೊದಲು ಸರಿ ಮಾಡ್ಬೇಕಾದ್ದೂ ಆ ಜಾಗನೇ ಅಲ್ವಾ.

ಈಗ ನಾನು ಇದನ್ನೆಲ್ಲ ಬರೀತಿರೋದು ಅಕ್ಕನಿಗೋಸ್ಕರ. ಅಕ್ಕ ಒಂದು ವಸತಿ ಶಾಲೇಲಿ ವಾರ್ಡನ್ನು. ಬೆಳಿಗ್ಗೆ ಐದಕ್ಕೆ ಎದ್ದು ಮಕ್ಕಳನ್ನ ಎಬ್ಬಿಸೋದು, ರಾತ್ರಿ ಜ್ವರ ಬಂದ್ರೆ ಜೀಪು ಹುಡುಕೋದು, ಅಡಿಗೆಯೋರು ಬರ್ದಿದ್ರೆ ಸೌಟು ಹಿಡಿಯೋದು, ಮೇಲಿಂದ ಯಾರಾದ್ರೂ ಬಂದ್ರೆ ಬೈಸ್ಕೊಳ್ಳೋದು, ಎಲ್ಲಾ ಅವಳೇ. ಬದಲಿಗೆ ಯಾರೂ ಇಲ್ಲ, ವಾರಕ್ಕೊಂದು ರಜ ಅನ್ನೋದು ಕಾಗದದಲ್ಲಿದೆ. ಅವಳು ಮಕ್ಕಳಿಗೆ ಮಾಡಿರೋ ಏರ್ಪಾಡು ಮಾತ್ರ ನೋಡ್ಬೇಕು. ಜೂನಲ್ಲಿ ಹೊಸದಾಗಿ ಬಂದ ಪ್ರತಿ ಮಗೂಗೂ ದೊಡ್ಡ ಕ್ಲಾಸಿನ ಒಂದು ಹುಡುಗಿ ಜೊತೆ, ಪಕ್ಕದ ಮಂಚ ಅವಳ್ದೇ. ಮನೆಯಿಂದ ತಂದ ಒಂದು ವಸ್ತು ಟ್ರಂಕಲ್ಲಿ ಇಟ್ಕೋಬಹುದು, ಅದನ್ನ ಯಾರೂ ಚೆಕ್ ಮಾಡಂಗಿಲ್ಲ. ಅತ್ತರೆ ಅಳ್ಲಿ, ಯಾರನ್ನೂ ಪ್ರೇಯರಲ್ಲಿ ನಿಲ್ಲಿಸಂಗಿಲ್ಲ. ನನ್ನ ಹಾಸ್ಟೆಲ್ಲಿನ ಕತೆ ಕೇಳಿದ ವರ್ಷವೇ ಇದನ್ನ ಶುರು ಮಾಡಿದ್ದು ಅವಳು. ಅಪ್ಪನ ಸೇನೆ ಜೋಡಿ ಅವಳಿಗೆ ಗೊತ್ತೇ ಇರ್ಲಿಲ್ಲ.

"ಅಕ್ಕ, ನಿನ್ನ ಜೊತೆ ಯಾರು?" ಅಂತ ಕೇಳ್ದೆ.

"ನಂಗ್ಯಾಕೋ ತಮ್ಮ, ನಾನು ದೊಡ್ಡವಳು ಕಣೋ" ಅಂದ್ಲು. ಆಮೇಲೆ ತುಂಬಾ ಹೊತ್ತು ಮಾತಾಡ್ಲಿಲ್ಲ, ಕಿಟಕಿ ಆಚೆ ಸಿಲ್ವರ್ ಓಕ್ ನೋಡ್ತಾ ಕೂತಿದ್ಲು.

ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ನಂಬರ್ ಅಕ್ಕನಿಗೆ ಕೊಟ್ಟಿದೀನಿ, 14416, 2022ರ ಅಕ್ಟೋಬರಲ್ಲಿ ಶುರುವಾಗಿದ್ದು, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಇದರ ಹಿಂದೆ ನಿಮ್ಹಾನ್ಸ್ ಇದೆ. ಕೊಡಗಲ್ಲಿ ಇದನ್ನ ಓದ್ತಿರೋ ವಾರ್ಡನ್ನು, ನರ್ಸು, ಪೊಲೀಸು, ಎಸ್ಟೇಟಿನ ರೈಟರು, ಯಾರೇ ಆಗ್ಲಿ ಬರೆದಿಟ್ಕೊಳ್ಳಿ. ಆದ್ರೆ ಫೋನ್ ನಂಬರು ಎರಡನೇ ವಾರ್ಡನ್ ಆಗಲ್ಲ. ಅಕ್ಕನಿಗೆ ಬೇಕಿರೋದು ವಾರಕ್ಕೆ ಒಂದು ರಾತ್ರಿ ಫೋನು ಬೇರೆಯವ್ರ ಕೈಗೆ ಕೊಟ್ಟು ಮನೆಗೆ ಬಂದು ಮಲಗೋದು, ಇದನ್ನೇ ಅರ್ಜೀಲಿ ಬರೆದು ಕೊಡು ಅಂದೆ, ಹೆದರಿದ್ಲು, ಆಮೇಲೆ ಅಪ್ಪನೇ ಕೂತು ಸುಬೇದಾರ್ ಕೈಬರಹದಲ್ಲಿ ಬರ್ಕೊಟ್ರು, ಇವಳು ಸಹಿ ಹಾಕಿ ಕೊಟ್ಟು ಬಂದ್ಲು. ಉತ್ತರ ಇನ್ನೂ ಬಂದಿಲ್ಲ.

ಅದು ಬರೋ ತನಕ ನಾನೂ ಅವಳೂ ಜೋಡಿ ಅಂತ ಮಾತಾಗಿದೆ. ಭಾನುವಾರ ರಾತ್ರಿ ಊರಿನ ಟೈಮಲ್ಲಿ ಒಂಬತ್ತಕ್ಕೆ ಫೋನು, ನಿದ್ದೆ ಎಷ್ಟು, ಊಟ ಎಷ್ಟು, ಈ ವಾರ ಯಾವುದು ತಲೇಲಿ ಉಳ್ಕೊಂಡಿದೆ, ಮೂರು ಪ್ರಶ್ನೆ, ಇಬ್ರೂ ಉತ್ತರ ಕೊಡ್ಬೇಕು, ಚೆನ್ನಾಗಿದೀನಿ ಅನ್ನೋದು ಉತ್ತರ ಅಲ್ಲ. ನಾಲ್ಕು ತಿಂಗಳಿಂದ ತಪ್ಪಿಸಿರ್ಲಿಲ್ಲ. ಈ ಭಾನುವಾರ ಮಾತ್ರ ಲೈನ್ ಸಿಗ್ಲಿಲ್ಲ, ಗಾಳಿ ಮಳೆಗೆ ಮರ ಬಿದ್ದು ಅವಳ ಶಾಲೆ ಕಡೆ ಎರಡು ದಿನದಿಂದ ಕರೆಂಟಿಲ್ವಂತೆ, ಟವರೂ ಇಲ್ವಂತೆ. ಅಪ್ಪ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟಿದ್ದಾರೆ, ಕಾಫಿಪುಡಿ ತಗೊಂಡು.