ಫುಕುವೊಕಾದ 20 ಚಿನ್ನ ಚೀನಾದ ಈಜುಗಾರರದ್ದಲ್ಲ

‘2023ರ ವಿಶ್ವ ಈಜು ಚಾಂಪಿಯನ್‌ಷಿಪ್‌ನಲ್ಲಿ ಚೀನಾದ ಈಜುಗಾರರಿಗೆ 20 ಚಿನ್ನ’ ಎಂಬ ಸಂದೇಶ ಮತ್ತೆ ಹರಿದಾಡುತ್ತಿದೆ. ಸಂಖ್ಯೆ ಸರಿ, ಹೇಳಿಕೆ ತಪ್ಪು.

ಜಪಾನಿನ ಫುಕುವೊಕಾದಲ್ಲಿ ನಡೆದದ್ದು ಜಲಕ್ರೀಡೆಗಳ ಕೂಟ. ಈಜು, ಡೈವಿಂಗ್, ಹೈ ಡೈವಿಂಗ್, ಕಲಾತ್ಮಕ ಈಜು, ವಾಟರ್ ಪೋಲೊ, ತೆರೆದ ನೀರಿನ ಈಜು ಎಲ್ಲವೂ ಅದರಲ್ಲಿದ್ದವು. 20 ಎಂಬುದು ಇವೆಲ್ಲ ಸೇರಿದ ಲೆಕ್ಕ. ಡೈವಿಂಗ್ ಒಂದರಲ್ಲೇ 13ರ ಪೈಕಿ 12 ಚಿನ್ನ ಚೀನಾಕ್ಕೆ ಹೋದವು. ತಪ್ಪಿದ್ದು ಪುರುಷರ 10 ಮೀಟರ್ ಪ್ಲಾಟ್‌ಫಾರ್ಮ್ ಮಾತ್ರ, ಅದು ಆಸ್ಟ್ರೇಲಿಯಾದ ಕ್ಯಾಸಿಯಲ್ ರೂಸೋ ಪಾಲಾಯಿತು.

ಕೊಳದ ಈಜಿನಲ್ಲಿ ಚೀನಾಕ್ಕೆ ಬಂದದ್ದು 5 ಚಿನ್ನ. ಚಿನ್ ಹೈಯಾಂಗ್ 50, 100, 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಮೂರನ್ನೂ ಗೆದ್ದರು, 200 ಮೀಟರ್‌ನಲ್ಲಿ 2 ನಿಮಿಷ 5.48 ಸೆಕೆಂಡ್‌ಗಳ ವಿಶ್ವದಾಖಲೆಯೂ ಆಯಿತು. (ಒಂದೇ ಕೂಟದಲ್ಲಿ ಈ ಮೂರನ್ನೂ ಗೆದ್ದ ಮೊದಲಿಗ ಅವರು, ನಿಜಕ್ಕೂ ಹಂಚಬೇಕಾದ ಸುದ್ದಿ ಇದು.) ಮತ್ತೆರಡು, ಝಾಂಗ್ ಯುಫೆಯ 100 ಮೀಟರ್ ಬಟರ್‌ಫ್ಲೈ ಮತ್ತು ಮಿಶ್ರ ಮೆಡ್ಲೆ ರಿಲೇ.

ಈಜಿನಲ್ಲಿ ಮೊದಲ ಸ್ಥಾನ 13 ಚಿನ್ನದ ಆಸ್ಟ್ರೇಲಿಯಾದ್ದು. ಅಮೆರಿಕ 38 ಪದಕ ಗೆದ್ದರೂ ಅದರಲ್ಲಿ ಚಿನ್ನ 7, ಬೆಳ್ಳಿ 20. ಪಟ್ಟಿಯನ್ನು ಚಿನ್ನದಿಂದ ಎಣಿಸುವುದು ರೂಢಿ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿನಲ್ಲಿ ‘ಈಜಿನಲ್ಲಿ 5, ಒಟ್ಟು 20’ ಎಂದು ತಿದ್ದಿ ಹಾಕಿ.